ಬಿಸಿ ಹಿಟ್ಟಿನ ವಾಸನಿ

ಜೋರಾಪುರ ಪೇಠದಾಗ ನಮ್ಮ ಗಿರಣಿ.
ಬಾಗಲ ಮುಂದ ಮೊದಲನೇ ವರ್ಷ ಬರದ ಸುಣ್ಣದ ದುಂಡ ಗೆರಿ
ತುಳದು ತುಳದು ಈಗ ನೆನಪಿನಷ್ಟ ಬೆಳ್ಳಗ ಉಳದಾವ.
ಆದರೂ ಡಬ್ಬಿಗಳು ಇನ್ನೂ ಅದರಾಗ ನಿಂದರತಾವ,
ಒಂದಕ್ಕೊಂದು ಮೂರು ಮೊಳ ದೂರ, ಶಿಸ್ತಿಲೆ, ಮುಚ್ಚಳ ಹಾಕ್ಕೊಂಡು.
ಡಬ್ಬಿ ತಂದವರು ಮಾತ್ರ
ಬೇವಿನ ಗಿಡದ ಕೆಳಗ ಹೆಗಲಿಗೆ ಹೆಗಲು ಹಚ್ಚಿ
ಯಾರ ಮನ್ಯಾಗ ಯಾರಿಗೆ ಬಂದೈತಿ ಅಂತ ಮಾತಾಡತಾರ.

"ಹೋತಲ್ಲಬೇ ಅದು?" ಅಂತಾರ.
"ಹೋತು" ಅಂತೀನಿ.
ಹೋದದ್ದು ಹಾದಿ ಹಿಡದು ಹೋತೋ
ಓಣಿ ತಿರುವಿನ್ಯಾಗ ಬೀಡಿ ಹಚ್ಚಗೊಂಡು ನಿಂತೈತೋ
ನೋಡಿದವರ್ಯಾರು.

ನನ್ನ ಗಂಡ ಮೂವತ್ತು ವರ್ಷ ಕೆಮ್ಮಿದಾವ.
ಜ್ವಾಳದ ಧೂಳಿಗೆ ಒಂದು ಕೆಮ್ಮು, ಖಾರ ಕುಟ್ಟಿದ ದಿನ ಇನ್ನೊಂದು,
ನನ್ನ ಕರಿಯೂದಕ್ಕ ಒಂದು, ಉದ್ರಿ ಕೇಳಾಕ ಬಂದವರಿಗೆ ಒಂದು.
ಎಲ್ಲಾ ಕೆಮ್ಮಿನ ಹೆಸರೂ ನನಗ ಗೊತ್ತಿದ್ದುವು.
ಈಗ ನಡುರಾತ್ರ್ಯಾಗ ಒಂದು ಹೊಸಾದು ಬಂದರ
ಎದ್ದು ಕುಂಡರತೀನಿ: ಇದು ಯಾರ ಪೈಕಿ?
ಗೋಳಗುಮ್ಮಟದಾಗ ಕೆಮ್ಮಿದರ ಏಳು ಸಲ ಕೇಳತೈತಂತ.
ನಮ್ಮದು ಪತ್ರಾಸಿನ ಮನಿ,
ಒಮ್ಮೆ ಕೆಮ್ಮಿದ್ದು ಬೆಳತನಾ ಕೇಳತೈತಿ.

ಅದಕ್ಕ ದಿನಾ ಮುಂಜಾನೆ ನಂದೊಂದು ಪರೀಕ್ಷಾ.
ಮೊದಲನೇ ಡಬ್ಬಿ ಜ್ವಾಳ ಸುರುವಿ
ಬಟ್ಟಿ ಚೀಲದ ಬಾಯಿಂದ ಬೀಳೂ ಬಿಸಿ ಹಿಟ್ಟು ಒಂದು ಚಿಟಿಕಿ
ಮೂಗಿಗೆ ಹಿಡೀತೀನಿ.
ಬಿಸಲಿಗೆ ಕಾದ ಕಲ್ಲು, ಆಗಷ್ಟ ಎದ್ದ ಕೂಸಿನ ನೆತ್ತಿ,
ಅಷ್ಟು ಬಂತಂದರ ಮುಖಕ್ಕ ಬಟ್ಟಿ ಏರಿಸಿ ಕೆಲಸಕ್ಕ ನಿಂದರತೀನಿ.
ಸೂಜಿ ಎರಡೂ ಚುಚ್ಚಿಸಿಗೊಂಡೀನಿ, ಕಾರ್ಡು ದೇವರ ಜಗಲಿ ಮ್ಯಾಲ ಐತಿ;
ಆದರೂ ಮೂಗಿನ ಸಹಿ ಬೀಳೂತನಕ
ನನ್ನ ದಿನ ಸುರು ಆಗಂಗಿಲ್ಲ.

ಹೋದ ಮಂಗಳವಾರ ವಾಸನಿ ಬರಲಿಲ್ಲ.

ಕರೆಂಟ್ ಹೋಗೂದರಾಗ ಮುಗಸಬೇಕಂತ ಗಡಿಬಿಡಿ,
ಪರೀಕ್ಷಾ ಮರತು ಮೂರು ಡಬ್ಬಿ ಬೀಸಿಬಿಟ್ಟಿದ್ದೆ:
ದುಂಡವ್ವಂದು, ಮೋನಪ್ಪ ಪತ್ತಾರಂದು, ಜೈತುನಬೀದು.
ಮುಚ್ಚಳ ಒತ್ತಿದ್ದು ನನ್ನ ಕೈ.
ಜೈತುನಬೀ ಏನೋ ಹೇಳಿದಳಂತ
ಬಟ್ಟಿ ಗದ್ದಕ್ಕ ಇಳಿಸಿ, ಬಾಯಿ ತಗದು ನಕ್ಕಿದ್ದೆ.

"ಪಟ್ಟಾ ಹರದೈತಿ" ಅಂತ ಇದ್ದಲಿಲೆ ಬರದು ಕೀಲಿ ಹಾಕಿದೆ.
ಪಟ್ಟಾ ಹೊಸಾದು, ಮೊನ್ನೆ ಸೋಲಾಪುರದಿಂದ ತರಿಸಿದ್ದು.
ಗಂಡನ ಹೊರಸು ಅಂಗಳಕ್ಕ ಹಾಕಿದೆ. ಯಾಕಂದ. ಸೆಕಿ ಅಂದೆ.
ಖರೇ ಹೇಳಿದರ ನಾಳೆ ಬೀಸಾಕ ಯಾರು ಬರತಾರ?

ಈ ಓಣ್ಯಾಗ ರೊಟ್ಟಿ ಬಡಿಯೂ ಸಪ್ಪಳ ಮನಿಗೊಂದು ನಮೂನಿ.
ಸಂಜಿಕೆ ಹಿತ್ತಲ ಗ್ವಾಡಿಗೆ ಕಿವಿ ಕೊಟ್ಟು ಕುಂತೆ.
ದುಂಡವ್ವಂದು ಅವಸರ, ಆಣಿಕಲ್ಲು ಬಿದ್ದಂಗ. ಬಂತು.
ಮೋನಪ್ಪನ ಸೊಸಿದು ನಾಕು ಬಡಿತಕ್ಕೊಮ್ಮೆ ಬಳಿ ಸದ್ದು. ಬಂತು.
ಜೈತುನಬೀ ಮನಿಂದ ಬುಧವಾರ ಏನೂ ಇಲ್ಲ.
ಗುರುವಾರ ಕೇಳಿಸಿತು, ಆದರ ಆಕಿ ಕೈ ಅಲ್ಲ:
ಒಂದು ಬಡಿತ, ಒಂದು ಯೋಚನಿ, ಮತ್ತೊಂದು ಬಡಿತ,
ಎಂದೂ ಕೊಣಮಿಗಿ ಮುಟ್ಟದ ಯಾರದೋ ಕೈ.

ಶುಕ್ರವಾರ ದವಾಖಾನಿ ಹುಡುಗ ಮೂಗಿನ್ಯಾಗ ಕಡ್ಡಿ ಆಡಿಸಿ
"ಏನಿಲ್ಲಬೇ, ಬರೇ ನೆಗಡಿ" ಅಂದ.
ಏನಿಲ್ಲ ಅನ್ನೂ ಚೀಟಿ ಮಡಚಿ ಸೆರಗಿಗೆ ಗಂಟು ಹಾಕೀನಿ,
ಆಗಾಗ ಮುಟ್ಟಿ ನೋಡತೀನಿ.

ಇವತ್ತು ಕೀಲಿ ತಗದೆ.
ಗೆರಿ ಪೂರಾ ಅಳಿಸಿದ ಜಾಗಾದಾಗ ಒಂದ ಒಂದು ಡಬ್ಬಿ,
ಹಸರು ಮುಚ್ಚಳ, ಮ್ಯಾಲ ಕಾಗದದಾಗ ಸುತ್ತಿದ ಚಿಲ್ಲರ.
ಬೇವಿನ ಬುಡಕ ಯಾರೂ ಇಲ್ಲ.
ಕಲ್ಲು ತಿರಗಿತು. ಚಿಟಿಕಿ ಹಿಡದೆ.
ಬಂತು ಅನಿಸಿತು. ವಾಸನಿನೋ,
ವಾಸನಿ ನೆನಪೋ, ತಿಳೀಲಿಲ್ಲ.

ಬಟ್ಟಿ ಏರಿಸಿ, ಡಬ್ಬಿ ಹೊತಗೊಂಡು
ಆಕಿ ಬಾಗಲಕ್ಕ ಮೂರು ಮೊಳ ದೂರ ನಿಂತೀನಿ.
"ಜೈತುನಾ, ನಿನ್ನ ಹಿಟ್ಟು."
ಒಳಗಿಂದ ಒಂದು ಕೆಮ್ಮು.
ಹೆಸರು ಹುಡಕಾಕತ್ತೀನಿ.