ಹತ್ತೊಂಬತ್ತು ಎ

ಶಾರ್ಜಾ, ರೋಲಾದ ಬದಿಯ ಕಟ್ಟಡ, ನಾಲ್ಕನೇ ಮಾಳಿಗೆ.
ಒಂದು ಕೋಣೆಗೆ ಆರು ಮಂಚ.
ರಾತ್ರಿಪಾಳಿ ಮುಗಿಸಿ ಬಂದರೆ
ಲವೀನಾಳ ಹಾಸಿಗೆಯ ಮೇಲೆ ಬೇರೆ ಯಾರದೋ ತಲೆದಿಂಬು.
ಅವಳ ವೀಸಾ ಮುಗಿದದ್ದು ಗುರುವಾರ;
ಶನಿವಾರಕ್ಕೆ ಇವಳು, ಇನ್ನೂ ಹೆಸರು ಕೇಳಿಲ್ಲ,
ಅದೇ ಮೊಳೆಗೆ ತನ್ನ ಟವೆಲು ತೂಗಿದ್ದಾಳೆ.

ಲ್ಯಾಬಿನಲ್ಲಿ ನಾನು ನೋಡುವುದೂ ಹೆಚ್ಚುಕಮ್ಮಿ ಇದನ್ನೇ.
ಪುಟ್ಟ ಮೂಗಿನ ಹಿಂದಿನ ಒದ್ದೆ ಕೋಣೆ,
ಅಲ್ಲಿಂದ ಹತ್ತಿಕಡ್ಡಿ ಹಿಡಿದು ಬಂದವರನ್ನು
ಕುರಿರಕ್ತದ ತಟ್ಟೆಯ ಮೇಲೆ ಬಿತ್ತಿ
ಮೂವತ್ತೈದು ಡಿಗ್ರಿಯ ಪೆಟ್ಟಿಗೆಯಲ್ಲಿಡುತ್ತೇನೆ.
(ಹೊರಗೆ ನಲವತ್ತಾರು. ಪೆಟ್ಟಿಗೆಯೇ ತಂಪು.)
ಮರುದಿನ ಹಸಿರು ಮಬ್ಬಿನ ನಡುವೆ
ಹೊಟ್ಟೆ ಕುಸಿದ ಕೇರಂ ಕಾಯಿಗಳು.

ನಾನು ಸೇರಿದಾಗ ಲಸಿಕೆಯಲ್ಲಿ ಏಳೇ ಹೆಸರು.
ಹೆಸರಲ್ಲ, ನಂಬರು, ನಮ್ಮ ಲೇಬರ್ ಕಾರ್ಡಿನಂತೆ:
ನಾಲ್ಕು, ಹದಿನಾಲ್ಕು, ಹತ್ತೊಂಬತ್ತು ಎಫ್...
ಒಂದೊಂದಾಗಿ ತಟ್ಟೆಯಿಂದ ಎದ್ದು ಹೋದವು.
ಐಸಿಯುವಿನಿಂದ ಬರುವ ಬೆನ್ನುಹುರಿ ನೀರಿನ ಸೀಸೆ
ಅಪರೂಪವಾಯಿತು. ಮರಿಸೆಲ್ ಕೇಕು ತಂದಳು.
ಕೇಕಿನ ಡಬ್ಬಿ ಬಿಸಾಡುವ ಮೊದಲೇ ಹತ್ತೊಂಬತ್ತು ಎ!
ಅದೇ ಮನೆತನ,
ಸಕ್ಕರೆಯ ಅಂಗಿಯ ಹೊಲಿಗೆಯಲ್ಲಿ ಒಂದೇ ಗಂಟು ಬೇರೆ.

ಆಮೇಲೆ ಹದಿಮೂರರ ಲಸಿಕೆ. ಅದೂ ಸರಿದು ನಿಂತಿತು.
ಈಗ ಇಪ್ಪತ್ತಮೂರು ಬಿ, ಮೂವತ್ತೈದು ಬಿ,
ಸೀರಂ ತಾಗಿದರೆ ಉಬ್ಬಿ ಹೊಳೆಯುವ ಹೊಸ ಅಂಗಿಗಳು.
ಕೆಲವಕ್ಕೆ ನನ್ನ ಫ್ರಿಜ್ಜಿನಲ್ಲಿ ಸೀರಮ್ಮೇ ಇಲ್ಲ.

ಈ ಹೋಲಿಕೆ ನನಗೇ ಹಿಡಿಸದು.
ನಾವು ರೋಗವಲ್ಲ. ಟವೆಲಿನವಳು
ಯಾರ ರಕ್ತಕ್ಕೂ ಇಳಿಯಲು ಬಂದವಳಲ್ಲ,
ಸಾಲ ಇಳಿಸಲು ಬಂದವಳು.
ಅವಾದರೂ ಬಹುಪಾಲು ಮೂಗಿನೊಳಗೆ ಬಾಡಿಗೆಗಿದ್ದು
ಒಂದು ಸೀನಿಗೆ ಮನೆ ಬದಲಿಸುವವು.
ಎಲ್ಲೋ ಒಂದು ದಾರಿ ತಪ್ಪುತ್ತದೆ.
ಒಂದು ಸಾಕು.

ಇವತ್ತು ಕಿವಿ ಸೋರುವ ತಸ್ನೀಮಳನ್ನು ಹೊತ್ತ ತಾಯಿ,
ಒಂದುರ್ಮಾನಿನವಳು, ಕೌಂಟರಿನಲ್ಲಿ ಕೇಳಿದಳು:
ಸೂಜಿ ಎಲ್ಲ ಹಾಕಿಸಿದ್ದೇನಲ್ಲ?
ಹಾಕಿಸಿದ್ದಕ್ಕೇ ಇರಬಹುದು, ತಾಯೀ, ಇದು ಬರೀ ಕಿವಿ.
ನನ್ನ ಅರಬಿಗೆ ಅಷ್ಟುದ್ದದ ಕಾರಣ ಬಾರದು.
ಜದೀದ್, ಎಂದೆ. ಹೊಸದು.
ಅವಳು ಮಗುವಿನ ಮೂಗು ಒರೆಸಿ
ಅದೇ ಕರವಸ್ತ್ರದಲ್ಲಿ ತನ್ನ ಕಣ್ಣೂ.

ಕೋಣೆಯ ದೀಪ ಆರಿಸುವಾಗ
ಹೊಸಬಳು ಮುಸುಕಿನೊಳಗೇ ಸೀನಿದಳು.
ನೂರ್ಕಾಲ ಬಾಳು, ಎಂದಿತು ಅಭ್ಯಾಸದ ಬಾಯಿ.
ಯಾರಿಗೆ ಹೇಳಿದೆನೋ.