ನಾಲ್ಕು ಸೆಕೆಂಡು

"ಇದರ ಬಾಯಿ ಬಿಡಿಸಿಕೊಡು, ಒನೆಸಿಮ್" ಅಂತ
ಬಂದ ಹುಡುಗ, ಬೂಟಿನ ಹಿಮವನ್ನು ನನ್ನ ನೆಲಕ್ಕೇ ಕೊಡವಿ.
ಮೇಜಿನ ಮೇಲೆ ಕಿತ್ತಳೆ ಬಣ್ಣದ ಗರಗಸ,
ಬೆಲೆಯ ಚೀಟಿ ಇನ್ನೂ ಹಿಡಿಗೆ ಅಂಟಿಕೊಂಡೇ ಇದೆ.
ತಿಬೋಡೋ ಮನೆಯ ಕಿರಿಯವನು, ಡೇರಿಕ್.
ಮರ ಉರುಳಿಸುವ ಕೆಲಸ, ಟನ್ನಿನ ಲೆಕ್ಕದಲ್ಲಿ ಕೂಲಿ.

ಕಾರ್ಖಾನೆಯ ಸೈಲೆನ್ಸರು
ಚರ್ಚಿನಲ್ಲಿ ಕೆಮ್ಮು ತಡೆದುಕೊಂಡು ಕೂತವನ ಹಾಗೆ:
ಹೊಗೆ ಹೊರಡುವ ದಾರಿ ಕಿರುಬೆರಳಷ್ಟು.
ಹಳಸಿದ ಉಸಿರು ಒಳಗಿನಿಂದ ಜಾಗ ಬಿಡದಿದ್ದರೆ
ಹೊಸ ಉಸಿರು ಹೊಸಿಲಲ್ಲೇ ನಿಂತಿರುತ್ತೆ.
ಇಷ್ಟು ಎಲ್ಲರಿಗೂ ಗೊತ್ತು. ಡೇರಿಕ್ಕನಿಗೂ.

ಮೊದಲು, ಇದ್ದ ಹಾಗೇ, ಅಂಗಳದಲ್ಲಿ ಕೊಯ್ದು ನೋಡಿದೆವು.
ಮೊಳದಗಲದ ಮೇಪಲ್ ದಿಮ್ಮಿ,
ಮೀಸೆಯ ಮೇಲೆ ಉಸಿರು ಗಟ್ಟಿಯಾಗುವ ಚಳಿ.
ಇಪ್ಪತ್ತೊಂದು ಸೆಕೆಂಡು, ಅವನ ಫೋನಿನ ಪ್ರಕಾರ.

ಮೂರು ಸ್ಕ್ರೂ ಬಿಚ್ಚಿ, ಡಬ್ಬಿ ಕಳಚಿ
ಮುಚ್ಚಳದಲ್ಲಿ ಇನ್ನೊಂದು ಕಂಡಿ ಕೊರೆದೆ, ಅರ ಹಾಕಿ ಅಂಚು ಸವರಿದೆ.
ಕಿಡಿ ತಡೆಯುವ ಜಾಳಿಗೆಯನ್ನು ಅವನು ಕಸಕ್ಕೆಸೆದ;
ಎತ್ತಿ, ಉಜ್ಜಿ, ಮತ್ತೆ ಕೂರಿಸಿದೆ.
"ಈಗ ಹಿಮ ಇದೆ ಕಣಯ್ಯಾ. ಆಗಸ್ಟೂ ಬರುತ್ತೆ."

ಹಗ್ಗ ಎಳೆದ. ಹೊಳೆಯಾಚೆ, ಕೆನಡಾದ ದಡದಲ್ಲಿ
ನಾಯಿಗಳು ಬೊಗಳಿದವಂತೆ. ಅವನೇ ಹೇಳಿದ್ದು.
ಹಲ್ಲು ಕಿರಿದು, "ಸಾಕು, ಕೊಡು" ಅಂದ.

ಸಾಲದು.
ಬಾಯಿ ಬಿಟ್ಟರೆ ಬಣ್ಣಗೇಡು, ಗರಗಸಕ್ಕೂ.
ಹೊಗೆ ಸಲೀಸಾದಷ್ಟೂ ಗಾಳಿ ನುಗ್ಗುತ್ತೆ,
ಪೆಟ್ರೋಲು ಮಾತ್ರ ಹಳೇ ಅಳತೆಯಲ್ಲೇ ತೊಟ್ಟಿಕ್ಕುತ್ತೆ;
ಪೆಟ್ರೋಲಿನ ಜತೆಗೇ ತಾನೆ ಎಣ್ಣೆ?
ಎಣ್ಣೆ ಕಾಣದ ಪಿಸ್ಟನ್ನು ಒಂದು ವಾರ ಹುರುಪಿನಲ್ಲಿ ಕುಣಿದು
ಆಮೇಲೊಂದು ಮಧ್ಯಾಹ್ನ, ಅರ್ಧ ಮರದಲ್ಲಿ, ಕಚ್ಚಿಕೊಳ್ಳುತ್ತೆ.
ಅಂಥವನ್ನೆಲ್ಲ ಕಿಟಕಿಯ ಹಲಗೆ ಮೇಲೆ ಸಾಲಾಗಿಟ್ಟಿದ್ದೇನೆ:
ಹೊಗೆ ಹೋಗುವ ಮಗ್ಗುಲಿಗೇ ಗೀರು,
ಬೆಕ್ಕು ಪರಚಿದ ಕೆನ್ನೆಗಳು.
ಒಂದು ನನ್ನದೇ. ಎಪ್ಪತ್ತೊಂಬತ್ತರದು. ಪಂದ್ಯಕ್ಕೆಂದು ಬಾಯಿ ಹರಿದದ್ದು.
ಗೆದ್ದೆ. ಬಹುಮಾನ ಒಂದು ಹಂದಿತೊಡೆ.
ಅದು ಬೇಯುವುದರೊಳಗೆ ಗರಗಸ ಸತ್ತಿತ್ತು.

ಕಾರ್ಬ್ಯುರೇಟರಿನ ತಿರುಪಿಗೊಂದು ಪ್ಲಾಸ್ಟಿಕ್ ಟೋಪಿ. ಕಿತ್ತೆ.
ಎಡಕ್ಕೆ, ಕೂದಲೆಳೆಯಷ್ಟು. ಇನ್ನೊಂದು ಎಳೆ.
ಪೂರ್ತಿ ವೇಗದಲ್ಲಿ, ಬರೀ ಗಾಳಿಯಲ್ಲಿ, ಅದು ತೊದಲಬೇಕು,
ಬಿಸಿ ಆಲೂಗಡ್ಡೆ ಬಾಯಿಗಿಟ್ಟುಕೊಂಡವನ ಹಾಗೆ.
ಮರಕ್ಕೆ ಹಲ್ಲು ತಾಕಿದ ಕ್ಷಣ
ತೊದಲು ಬಿಟ್ಟು ನೆಟ್ಟಗೆ ಮಾತಾಡಬೇಕು.
ಅದು ಹದ. ನಾನು ನಂಬುವ ಮೀಟರು ಕಿವಿಯೊಂದೇ.

ಇಲ್ಲಿ ನಿಂತುಬಿಟ್ಟೆ.
ಎಷ್ಟು ಗರಗಸಗಳ ಬಾಯಿ ಬಿಡಿಸಿದ್ದೇನೋ,
ಒಂದು ಚೂರು ಹತ್ತಿಯೂ ಇಲ್ಲದೆ,
ಸದ್ದೇ ಕಸುವು ಅಂದುಕೊಂಡಿದ್ದ ಕಾಲ.
ಈಗ ದೂರದ ನಾಯಿಯಿಲ್ಲ, ಕೆಟಲಿನ ಸೀಟಿಯಿಲ್ಲ,
ಓದೀಲ್ ಕರೆದರೆ ತುಟಿ ನೋಡಿ ಓಗೊಡುತ್ತೇನೆ.
ತೊದಲು ಯಾವುದು, ಮಾತು ಯಾವುದು, ಎಲ್ಲ ಒಂದೇ ಗೋಡೆ.

"ಡೇರಿಕ್, ಕಿವಿಯ ಕಾಪು ಒಂದು ಬದಿ ಸರಿಸು. ಒಂದೇ ನಿಮಿಷ.
ತೊದಲಿದ ಕೂಡಲೇ ಕೈ ಎತ್ತು."
ತಿರುಪಿನಲ್ಲಿ ನನ್ನ ಬೆರಳು, ಅವನ ಮುಖದಲ್ಲಿ ನನ್ನ ಕಣ್ಣು.
ಎರಡು ಸಲ ಸುಮ್ಮನೆ ಎತ್ತಿದ.
ಮೂರನೆಯ ಸಲ ಕೈ ಏಳಲೇ ಇಲ್ಲ;
ಹುಬ್ಬಿನ ಗಂಟು ಬಿಚ್ಚಿಕೊಂಡಿತು. ಬೆರಳು ತೆಗೆದೆ.

ಅದೇ ದಿಮ್ಮಿ. ಹದಿನೇಳು ಸೆಕೆಂಡು.
"ಉಳಿದ ನಾಲ್ಕನ್ನು ಏನು ಮಾಡ್ತೀಯ?" ಅಂತ ಕೇಳಿದೆ.
ಏನೋ ಅಂದ.
ತಲೆ ಬಗ್ಗಿಸಿ ಬೆಲೆಯ ಚೀಟಿ ಕೆರೆಯುತ್ತಿದ್ದ,
ತುಟಿ ಕಾಣಿಸಲಿಲ್ಲ.