ಅಸಲು

ಮೂರು ವರ್ಷ ಕಸ ಗುಡಿಸಿದ ಮೇಲೆ
ಯುಗಾದಿಯ ಮಾರನೆಯ ದಿನ
ಶೆಟ್ಟರು ನನಗೆ ಹತ್ತಕ್ಷರ ಕೊಟ್ಟರು:
ನಂಬಿಕೆ ಸಾಲದು ಕಾಸು ಬೇಕು.
ನಂ ಒಂದು, ಬಿ ಎರಡು, ಕೆ ಮೂರು,
ಹೀಗೇ ಎಣಿಸುತ್ತ ಹೋದರೆ ಬೇ ಒಂಬತ್ತು,
ಕು ಸೊನ್ನೆ.
"ಮುಂದೆ ಕಟ್ಕೊಳ್ಳೋ ಹೆಂಡ್ತಿಗೂ ಹೇಳ್ಬೇಡ" ಅಂದರು.
ನನಗಾಗ ಹದಿನೆಂಟು.

ತುಮಕೂರಿನ ಮಂಡಿಪೇಟೆ. ಹುಣಸೆಹಣ್ಣಿನ ಗಾಡಿಗಳ ಹಿಂದೆ
ಆರಡಿ ಬಾಗಿಲ ಅಂಗಡಿ.
ಬಾಚಣಿಗೆ, ಪಿನ್ನು, ಸ್ನೋ, ಬಳೆ, ಬ್ಲೇಡು,
ಸಗಟಿಗೂ ಸೈ, ಚಿಲ್ಲರೆಗೂ ಸೈ.
ಚಿಕ್ಕಪೇಟೆಯ ಪೆಟ್ಟಿಗೆ ಲಾರಿ ಆಫೀಸಿಗೆ ಬಂದ ರಾತ್ರಿ
ಪೆನ್ಸಿಲ್ ಹೆರೆದು ಕೂರುತ್ತಿದ್ದರು ಶೆಟ್ಟರು.
ಹತ್ತು ಬ್ಲೇಡಿನ ಪಟ್ಟಿಗೆ ನಂಬಿ
(ಬಿಡಿಯಾಗಿ ಮಾರಿದರೆ ಇಪ್ಪತ್ತು),
ಗಿಳಿ ಚಿತ್ರದ ಕನ್ನಡಿಗೆ ಬೇಕು,
ಗೋಡೆ ಗಡಿಯಾರಕ್ಕೆ ನಂಬಿಕೆ.
ಡಜನ್ನಿಗೆ ಐನೂರ ನಲವತ್ತರಂತೆ ಬಂದ
ಸೇಫ್ಟಿ ರೇಜರು,
ತಿರುಪು ತಿರುಗಿಸಿದರೆ ಎರಡೂ ಬಾಗಿಲು ತೆರೆದು
ಬ್ಲೇಡನ್ನು ಒಳಗೆ ಕರೆಯುವಂಥದ್ದು:
ಡಬ್ಬಿಯ ಒಳಮುಚ್ಚಳದ ಮೂಲೆಯಲ್ಲಿ
ಸಾಲ.

ಗಿರಾಕಿಗೆ ಹೇಳುವುದು ಎಪ್ಪತ್ತು.
ಆರು ಒಟ್ಟಿಗೆ ಕೊಂಡವರಿಗೆ ಐವತ್ತು.
ನಡುವಿನದ್ದೆಲ್ಲ ಮುಖ ನೋಡಿ.

ಒಂದು ಮಧ್ಯಾಹ್ನ ಅಪ್ಪ ಬಂದ.
ಮದುವೆ ಬ್ಯಾಂಡಿನಲ್ಲಿ ಅವನದು ಕ್ಲಾರಿನೆಟ್ಟು.
ತುಟಿಯ ಕೆಳಗೆ ಕೂದಲು ಚುಚ್ಚಿದರೆ
ಸ್ವರ ಸೀಳುತ್ತದೆ ಅನ್ನುತ್ತಿದ್ದ.
ಲಗ್ನದ ತಿಂಗಳು, ದಿನಾ ಕ್ಷೌರದಂಗಡಿಗೆ ಹೋದರೆ
ಊದಿದ್ದೆಲ್ಲ ಅಲ್ಲಿಗೇ.
ರೇಜರನ್ನು ಅಂಗೈಯಲ್ಲಿ ತೂಗಿದ,
ತಿರುಪು ತಿರುಗಿಸಿ ಕಿವಿಗೆ ಹಿಡಿದ.
"ಎಪ್ಪತ್ತು ನರಸೀಯಪ್ಪ. ನಿಮ್ಮುಡ್ಗ ಇಲ್ಲೇ ಇದಾನಲ್ಲ,
ಅರವತ್ತೆಂಟು ಕೊಡಿ."
ಅಪ್ಪ ಐವತ್ತೈದರಿಂದ ಶುರು ಮಾಡಿದ.
ನಾನು ಏಣಿಯ ಮೇಲೆ,
ಕೈಯಲ್ಲಿ ಬಳೆಯ ಪೆಟ್ಟಿಗೆ,
ಬಾಯಲ್ಲಿ ಹತ್ತಕ್ಷರ.
ಅರವತ್ತೆರಡಕ್ಕೆ ನಿಂತಿತು.
"ಎಂಟು ರೂಪಾಯಿ ಇಳಿಸ್ದೆ ನೋಡು"
ಕಣ್ಣು ಮಿಟುಕಿಸಿ ಹೊರಟ.
ಇಳಿಸಿದ ಎಂಟು ಕಂಡಿತ್ತು ಅವನಿಗೆ.
ಮಿಕ್ಕ ಹದಿನೇಳು ನನಗೆ.

ಸಂಜೆ ನನ್ನ ಕೂಲಿ ಹದಿನೈದು.
ಶೆಟ್ಟರು ಎಣಿಸಿದ ನೋಟುಗಳಲ್ಲಿ
ಹತ್ತರದ್ದೊಂದು ಎಂಟು ಮಡಿಕೆಯದು.
ಹಾಗೆ ಮಡಿಸುವವನು
ಊರಲ್ಲಿ ಒಬ್ಬನೇ.

ಮಾರನೆಯ ಬೆಳಗ್ಗೆ
ಒಂದು ಕೆನ್ನೆ ನುಣ್ಣಗೆ, ಇನ್ನೊಂದು ನೊರೆಯಲ್ಲಿ,
ಡಬ್ಬಿ ಹಿಡಿದು ನನ್ನ ಚಾಪೆಯ ಹತ್ತಿರ ನಿಂತ.
"ನಗದು ಕೊಟ್ಟಿವ್ನಿ ಕಣ್ಲಾ. ಸಾಲ ಅಂತ ಯಾಕ್ ಬರ್ದವ್ರೆ?"
ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು.
ಓದಲು ಬರುತ್ತಿದ್ದ ಕೆಲವೇ ಪದಗಳಲ್ಲಿ
ಇದು ಚೆನ್ನಾಗಿಯೇ ಬರುತ್ತಿತ್ತು.
"ಅದು ಕಂಪನಿ ಗುರುತು" ಅಂದೆ.
"ಕಂಪನಿಯೋರು ಪೆನ್ಸಿಲಲ್ಲಿ ಬರೀತಾರಾ?"

ನಾನು ಹೋಗುವಷ್ಟರಲ್ಲಿ ಅಂಗಡಿ ಕಟ್ಟೆಯ ಮೇಲಿದ್ದ,
ಅದೇ ಅರ್ಧ ಮುಖದಲ್ಲಿ, ನೊರೆ ಒಣಗಿ.
ಶೆಟ್ಟರು ಡಬ್ಬಿ ನೋಡಿದರು.
ನನ್ನನ್ನು ನೋಡಿದರು.
ನಾನು ಪೊರಕೆ ತೆಗೆದುಕೊಂಡೆ.
ಗಲ್ಲಾಪೆಟ್ಟಿಗೆಯಿಂದ ರಬ್ಬರು ತೆಗೆದು
ಕಾಗದ ಹರಿಯದ ಹಾಗೆ ಮೆಲ್ಲಗೆ ಉಜ್ಜಿ, ಊದಿ,
"ಕೈತಪ್ಪು ನರಸೀಯಪ್ಪ,
ನಿಮ್ದು ಏನೂ ಬಾಕಿ ಇಲ್ಲ" ಅಂದರು.
"ಲೆಕ್ಕ ಅಂದ್ರೆ ಲೆಕ್ಕ" ಅಂದ ಅಪ್ಪ.
ಕಾಫಿ ತರಿಸಿದರು. ಕುಡಿದು ಹೋದ.

ಈಗ ಬೆಲೆಯನ್ನು ಕಂಪನಿಯೇ ಅಚ್ಚು ಹಾಕುತ್ತದೆ.
ನನ್ನದೇ ಅಂಗಡಿ, ಬಟವಾಡಿಯಲ್ಲಿ.
ಒಮ್ಮೆ ಎಸೆಯುವ ರೇಜರುಗಳ ಸರ ತೂಗುಹಾಕಿದ್ದೇನೆ,
ಒಂದರ ಮೇಲೆ ನಾಲ್ಕು ರೂಪಾಯಿ ಗಿಟ್ಟುತ್ತದೆ,
ಹೆಂಡತಿಗೂ ಗೊತ್ತು.
ಅಪ್ಪನ ಡಬ್ಬಿ ನನ್ನ ಬಚ್ಚಲ ಕಿಟಕಿಯಲ್ಲಿ.
ಅಳಿಸಿದ ಜಾಗ ಸುತ್ತಲಿಗಿಂತ ಬೆಳ್ಳಗಿದೆ.
ಓರೆಯಾಗಿ ಬೆಳಕಿಗೆ ಹಿಡಿದರೆ
ಲ ಪೂರ್ತಿ ಹೋಗಿದೆ,
ಸಾ ಇನ್ನೂ ಇದೆ,
ಗಡ್ಡ ಹೆರೆದು, ಮುಖ ಒರೆಸಿ,
ಅಪ್ಪ ದಿನಾ ಮೊದಲು ಊದುತ್ತಿದ್ದದ್ದು.